ಮೊದಲು ಬರಿಗೈಯಲ್ಲಿ ಹೋಗಿ

ನಮ್ಮದು ಮಂಗಳೂರಿನ ಹಳೇ ಭಾಗದ ಒಂದು ಸಣ್ಣ ಕ್ರೈಸ್ತ ಸಭೆ. ಕೆಲವು ವರ್ಷಗಳ ಹಿಂದೆ ಪಕ್ಕದ ಶೆಡ್‌ಗಳಲ್ಲಿರುವ ಕಟ್ಟಡ ಕೆಲಸದವರಿಗೆ ಕಿಟ್ ಹಂಚಿದೆವು. ಬ್ಯಾನರ್, ಫೋಟೊ ಎಲ್ಲಾ ಆಯಿತು. ಕಿಟ್‌ನಲ್ಲಿ ಐದು ಕಿಲೊ ಕುಚ್ಚಲಕ್ಕಿ. ಬಾಗಲಕೋಟೆ ಕಡೆಯ ಹೆಂಗಸೊಬ್ಬರು ಮೆಲ್ಲನೆ ಅಂದರು, "ಅಕ್ಕಾರ, ಇದು ಬೇಯೂದ್ರಾಗ ನಮ್ಮ ಗ್ಯಾಸ್ ಮುಗೀತದ್ರೀ." ಜೋಳದ ರೊಟ್ಟಿ ಉಣ್ಣುವವರು ಅವರು! ಕಿಟ್‌ನ ಪಟ್ಟಿ ಮಾಡಿದ್ದು ಸ್ತ್ರೀಸಂಘದಲ್ಲಿ ನಾನೇ. ಯಾರನ್ನೂ ಕೇಳಿರಲಿಲ್ಲ.

ನಿಮ್ಮ ಸಭೆಯೂ ಪಕ್ಕದ ಗಲ್ಲಿಯಲ್ಲಿ ಸೇವೆ ಶುರು ಮಾಡುವುದಿದ್ದರೆ, ಮೊದಲ ಮೂರು ತಿಂಗಳು ಏನೂ ಕೊಡಬೇಡಿ. ಇಬ್ಬಿಬ್ಬರಾಗಿ ಹೋಗಿ, ಒಬ್ಬರಾದರೂ ಹೆಂಗಸಾಗಿರಲಿ. ಹತ್ತು ಮನೆ ಸಾಕು, ಆದರೆ ವಾರ ವಾರ ಅದೇ ಹತ್ತು ಮನೆ. ಆದಿತ್ಯವಾರ ಬೆಳಿಗ್ಗೆ ನಮಗೆ ಆರಾಧನೆ, ಅವರಿಗೆ ಬಟ್ಟೆ ಒಗೆಯುವ ಹೊತ್ತು. ಸಂಜೆ ಐದರ ಮೇಲೆ ಹೋದರೆ ಬಾಗಿಲಲ್ಲಿ ಕೂತು ಮಾತಾಡಲು ಪುರುಸೊತ್ತಿರುತ್ತದೆ. ಬಟವಾಡೆಯ ರಾತ್ರಿ ಬೇಡ, ಮೇಸ್ತ್ರಿ ಜೊತೆ ಲೆಕ್ಕದ ಗಲಾಟೆ ಇರುತ್ತದೆ. ಘಟ್ಟದ ಮೇಲಿನಿಂದ ಬಂದವರು ಅಂತ ಅವರನ್ನು 'ಘಟ್ಟದವರು' ಅಂತ ಎದುರಿಗೆ ಅನ್ನಬೇಡಿ. (ಹಿಂದಿನಿಂದಲೂ ಬೇಡ.) ಊರು ಯಾವುದು ಅಂತ ಕೇಳಿ.

ಹೀಗೆ ಕೂತು ಕೇಳಿದ ಮೇಲೆ ನಮಗೆ ಗೊತ್ತಾಯಿತು, ಅವರಿಗೆ ಬೇಕಿದ್ದದ್ದು ಅಕ್ಕಿಯಲ್ಲ, ಕಾಗದಪತ್ರ. ಊರಿನ ರೇಷನ್ ಕಾರ್ಡ್ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಲು 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಸಹಿ ಹಾಕಿಸುವುದೇ ದೊಡ್ಡ ತಲೆನೋವು. ಫಾರಂ ಕೈಗೆ ಕೊಟ್ಟು ಕಳಿಸಬೇಡಿ, ಕಾರ್ಮಿಕ ಇಲಾಖೆಗೆ ಜೊತೆಗೇ ಹೋಗಿ. ನಿಮ್ಮ ಸಭೆಯಲ್ಲಿ ರಿಟೈರ್ ಆದ ಗುಮಾಸ್ತರು ಇದ್ದೇ ಇರುತ್ತಾರೆ ಅಲ್ವಾ? ಅವರನ್ನು ಹಿಡಿಯಿರಿ. ಮಕ್ಕಳ ಟಿಸಿ ಊರಲ್ಲೇ ಉಳಿದಿದ್ದರೂ ಶಾಲೆಗೆ ಸೇರಿಸಬಹುದು. ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಅಂತ ಸರಕಾರಿ ಶಾಲೆ ಸೇರಿಸದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಆಮೇಲೆ ಸಂಡೇ ಸ್ಕೂಲ್ ಕೋಣೆಯಲ್ಲಿ ಸಂಜೆ ಹೋಂವರ್ಕ್ ಕ್ಲಾಸ್ ಶುರು ಮಾಡಿ. ಒಂದು ಬಲ್ಬು, ಚಾಪೆ, ಚಹಾ ಸಾಕು.

ನೋಟ್‌ಬುಕ್ಕಿಗೂ ಪ್ರಾರ್ಥನೆಗೂ ಗಂಟು ಹಾಕಬೇಡಿ. ಕ್ಲಾಸಿಗೆ ಬಂದ ಮಗುವಿನ ಕೈಗೆ ಕರಪತ್ರ ಕೊಡುವುದೂ ಬೇಡ. 'ನೀವ್ಯಾಕ ಬರ್ತೀರಿ' ಅಂತ ಅವರೇ ಕೇಳುವ ದಿನ ಬರುತ್ತದೆ. ಆಗ ಯೇಸುವಿನ ಹೆಸರು ಹೇಳಲು ನಾಚಿಕೆ ಪಡಬೇಡಿ, ಎರಡು ಮಾತಲ್ಲಿ ಹೇಳಿ. ಕಾಯಿಲೆಯಾಗಿದೆ, ಪ್ರಾರ್ಥನೆ ಮಾಡಿ ಅಂತ ಕೇಳಿದರೆ ಮಾಡಿ. ಆಮೇಲೆ ವೆನ್ಲಾಕ್ ಆಸ್ಪತ್ರೆಗೂ ಕರೆದುಕೊಂಡು ಹೋಗಿ.

ಕಮಿಟಿಯಲ್ಲಿ ಯಾರಾದರೂ 'ಇದು ಸಭೆಯ ಕೆಲಸವಾ?' ಅಂತ ಎದ್ದೇ ಏಳುತ್ತಾರೆ. ನಮ್ಮಲ್ಲೂ ಒಬ್ಬ ಹಿರಿಯರು ಎದ್ದರು. ನಾನು ಅಜ್ಜನ ಕಥೆ ಹೇಳಿದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಇಲ್ಲಿಗೆ ಬಂದರು. ದೀಕ್ಷಾಸ್ನಾನ ಪಡೆದು ಮನೆ, ಕೆಲಸ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಯಿತು. ನೇಯ್ಗೆ ಶುರುವಾಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಅಂಥ ಕಾರ್ಖಾನೆಯ ಭಟ್ಟಿಯಲ್ಲಿ ದುಡಿದವರು. ಇದನ್ನು ಕೇಳಿದ ಮೇಲೆ ಆ ಹಿರಿಯರು ಸುಮ್ನೆ ಕೂತರು. ಈಗ ಗಣಿತ ಹೇಳಿಕೊಡುವುದು ಅವರೇ.

ನಿಜವಾದ ಪರೀಕ್ಷೆ ಆಟಿ ತಿಂಗಳು, ಅಂದರೆ ತುಳುನಾಡಿನ ಜುಲೈ-ಆಗಸ್ಟಿನ ಮಳೆಯ ತಿಂಗಳು. ಮಳೆಗೆ ಕೆಲಸ ಕಡಿಮೆ, ಶೆಡ್ಡಿನೊಳಗೆ ನೀರು. ನಮಗೂ ಹೊರಗೆ ಹೋಗಲು ಮನಸ್ಸಾಗುವುದಿಲ್ಲ. ಆಗಲೇ ತಪ್ಪದೆ ಹೋಗಿ. ಕಳೆದ ಆಟಿಯಲ್ಲಿ ನಮ್ಮ ಸಂಡೇ ಸ್ಕೂಲ್ ಕೋಣೆಯೇ ಸೋರಿತು. ಮಾಡು ಹತ್ತಿ ಹಂಚು ಸರಿಮಾಡಿದ್ದು ಆ ಕುಚ್ಚಲಕ್ಕಿ ಅಕ್ಕನ ಗಂಡ. ದುಡ್ಡು ಬೇಡ ಅಂದರು. ಪೂರ್ತಿ ಕೂಲಿ ಕೊಟ್ಟೇ ಕಳಿಸಿದೆವು. ನೀವೂ ಹಾಗೇ ಮಾಡಿ, ಪರಿಚಯ ಆಯಿತು ಅಂತ ಬಿಟ್ಟಿ ಕೆಲಸ ಮಾಡಿಸಬೇಡಿ.