ಮೂಲೆ ಹಿಡಿದ ನಾಯಿಯನ್ನು ಮನೆಗೆ ತರುವುದು ಹೇಗೆ?

ಶೆಲ್ಟರಿನ ಗೇಟು ತೆರೆದ ಕೂಡಲೇ ಹತ್ತಿಪ್ಪತ್ತು ನಾಯಿಗಳು ಜಾಲರಿಗೆ ಮುಂಗಾಲು ಕೊಟ್ಟು ನಿಲ್ಲುತ್ತವೆ. ಬೊಗಳುವವು, ಬಾಲ ಆಡಿಸುವವು, ಸಂದಿಯಿಂದ ಮೂತಿ ತೂರಿಸಿ ಕೈ ನೆಕ್ಕುವವು. ಹೋದವರ ಕಣ್ಣೆಲ್ಲ ಅವುಗಳ ಮೇಲೆ. ಹಿಂದಿನ ಗೋಡೆಗೆ ಬೆನ್ನೊತ್ತಿ, ಬಾಲವನ್ನು ಹೊಟ್ಟೆಯಡಿಗೆ ಸೇರಿಸಿ, ನಿಮ್ಮತ್ತ ನೋಡದೆ ಕೂತ ನಾಯಿಯೂ ಅಲ್ಲೇ ಒಂದಿರುತ್ತದೆ. ‘ಅದು ಬಿಡಿ ಸಾರ್, ಯಾರ ಹತ್ರಾನೂ ಬರಲ್ಲ’ ಎಂದು ನೋಡಿಕೊಳ್ಳುವ ಹುಡುಗ ಮುಂದಕ್ಕೆ ಕರೆದೊಯ್ಯುತ್ತಾನೆ.

ನಮ್ಮ ಮನೆಯ ನೇರಳೆ ಹಾಗೆ ಕೂತಿದ್ದವಳು. ಕಪ್ಪು ಮೈ, ಸುಮಾರು ನಾಲ್ಕು ವರ್ಷ. ಅಲ್ಲಿಗೆ ಬಂದು ಒಂದೂವರೆ ವರ್ಷವಾಗಿದ್ದರೂ ಯಾರೂ ಕೇಳಿರಲಿಲ್ಲ.

ಇಂಥ ನಾಯಿಯನ್ನು ತಂದು ಸಾಕಬಹುದೇ ಎಂದರೆ, ಧಾರಾಳವಾಗಿ ಸಾಕಬಹುದು. ಒಂದೇ ತೊಂದರೆ: ಇಲ್ಲಿ ಮಾಡುವ ಕೆಲಸಕ್ಕಿಂತ ಮಾಡದೆ ಸುಮ್ಮನಿರುವ ಕೆಲಸವೇ ಜಾಸ್ತಿ. ನಮ್ಮ ಮನೆಗಳಲ್ಲಿ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ.

ಹೆದರಿಕೆ ಎಲ್ಲಿಂದ ಬಂತು

ಹೆದರುವ ನಾಯಿಯನ್ನು ಕಂಡರೆ ‘ಪಾಪ, ಯಾರೋ ಚೆನ್ನಾಗಿ ಹೊಡೆದಿರಬೇಕು’ ಅನ್ನುತ್ತೇವೆ. ಹೊಡೆದಿರಲೂಬಹುದು. ಎಷ್ಟೋ ಸಲ ಕಾರಣ ಅದಕ್ಕಿಂತ ಸಪ್ಪೆಯಾದದ್ದು. ಮರಿಗೆ ಮೂರು ವಾರ ತುಂಬಿದಲ್ಲಿಂದ ಹನ್ನೆರಡು-ಹದಿನಾಲ್ಕು ವಾರದವರೆಗೆ ಕಂಡದ್ದು, ಕೇಳಿದ್ದು, ಮೂಸಿದ್ದೆಲ್ಲ ಅದಕ್ಕೆ ‘ಲೋಕದಲ್ಲಿ ಇರುವುದೇ ಹೀಗೆ’ ಎಂದು ಮನಸ್ಸಿನಲ್ಲಿ ಕೂರುತ್ತದೆ. ಆ ಹೊತ್ತು ಮೋರಿ ಪೈಪಿನೊಳಗೋ ಒಂದೇ ಪಂಜರದಲ್ಲೋ ಕಳೆದುಹೋದರೆ ಮುಂದೆ ಪೊರಕೆ, ಛತ್ರಿ, ಮೆಟ್ಟಿಲು, ಫ್ಯಾನು ಎಲ್ಲವೂ ಗುಮ್ಮನೇ. ಪೊರಕೆಗೆ ಹೆದರುವ ನಾಯಿ ಪೊರಕೆ ಏಟು ತಿಂದಿರಬೇಕೆಂದಿಲ್ಲ, ಪೊರಕೆಯನ್ನೇ ಕಂಡಿಲ್ಲದಿರಬಹುದು.

ಶೆಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಸಿಮೆಂಟು ಗೋಡೆಗಳ ನಡುವೆ ಹಗಲಿಡೀ ಬೊಗಳಾಟ. ನಿದ್ದೆಗೆಟ್ಟ ಜೀವದ ಸ್ವಭಾವವನ್ನು ಅಲ್ಲಿ ನೋಡಿ ಅಳೆಯಲಾಗದು. ಮೂಲೆ ಹಿಡಿದ ಗುಮ್ಮನ ಗುಸಕ ಮನೆಗೆ ಬಂದ ಮೂರು ತಿಂಗಳಿಗೆ ಚಪ್ಪಲಿ ಕದಿಯುವ ತುಂಟ ಆಗಿರಬಹುದು.

ಆರಿಸುವಾಗ

ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ. ಮೂರ್ನಾಲ್ಕು ಸಲ ಹೋಗಿ. ಗೂಡಿನ ಹೊರಗೆ ಅಥವಾ ಒಳಗೆ ನಾಯಿಗೆ ಪಕ್ಕ ತಿರುಗಿ ನೆಲದಲ್ಲಿ ಕೂತು, ಮೊಬೈಲೋ ಪೇಪರೋ ನೋಡುತ್ತ ಇರಿ. ಎದುರಾಗಿ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು ‘ಬಾ ಬಾ’ ಅನ್ನುವುದು ನಾಯಿಯ ಭಾಷೆಯಲ್ಲಿ ಬೆದರಿಕೆ. ಎರಡನೇ ಭೇಟಿಗೆ ನಿಮ್ಮತ್ತ ಮೂಗು ತಿರುಗಿಸಿ ಗಾಳಿ ಮೂಸಿದರೂ ಅದು ದೊಡ್ಡ ಸಂಗತಿ.

ನೋಡಿಕೊಳ್ಳುವವರ ಹತ್ತಿರ ಹೀಗೆ ಕೇಳಿ: ಜನ ಎದುರಿಗಿದ್ದಾಗ ಊಟ ಮಾಡುತ್ತದೆಯೇ? ಬೇರೆ ನಾಯಿಗಳ ಜೊತೆ ಹೇಗೆ? ಇಕ್ಕಟ್ಟಿಗೆ ಸಿಕ್ಕಿದರೆ ಮುದುಡುತ್ತದೆಯೋ, ಹಲ್ಲು ತೋರಿಸುತ್ತದೆಯೋ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಚಿಕ್ಕ ಮಕ್ಕಳಿರುವ ಮನೆಯವರಿಗೆ ಬಹಳ ಮುಖ್ಯ. ಮನೆಯಲ್ಲಿ ಈಗಾಗಲೇ ಧೈರ್ಯದ, ಸಾಧು ನಾಯಿ ಇದ್ದರೆ ನಿಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ. ಮನುಷ್ಯರನ್ನು ನಂಬದ ನಾಯಿ ಇನ್ನೊಂದು ನಾಯಿಯನ್ನು ನಂಬುತ್ತದೆ.

ಜನ ದಾಟಿ ಹೋಗುವ ನಾಯಿಗಳಲ್ಲಿ ಹೆದರುವವು ಮಾತ್ರ ಇಲ್ಲ. ವಯಸ್ಸಾದವು, ಒಕ್ಕಣ್ಣಿನವು, ಮೂರು ಕಾಲಿನವು, ಕಪ್ಪು ಬಣ್ಣದವು ಕೂಡ ಇವೆ. ಕಪ್ಪು ನಾಯಿ ಮೊಬೈಲ್ ಫೋಟೋದಲ್ಲಿ ಒಂದು ಕಪ್ಪು ಮುದ್ದೆಯಂತೆ ಕಾಣುತ್ತದೆ, ಮುಖವೇ ತಿಳಿಯದು. ಕಾಲಭೈರವನ ವಾಹನಕ್ಕೆ ನಾವು ಕೊಡುವ ಮರ್ಯಾದೆ ಇಷ್ಟೇ! ಮೂರು ಕಾಲಿನ ನಾಯಿಯಂತೂ ನೀವು ಅಯ್ಯೋ ಅನ್ನುವಷ್ಟರಲ್ಲಿ ಸೋಫಾ ಮೇಲಿರುತ್ತದೆ. ಐದಾರು ವರ್ಷದ ನಾಯಿಯ ಲಾಭ ಇನ್ನೂ ಸರಳ: ಎಷ್ಟು ಎತ್ತರ ಬೆಳೆಯುತ್ತದೋ, ಬುದ್ಧಿ ಹೇಗೋ ಎಂಬ ಜೂಜಿಲ್ಲ, ಮೇಜಿನ ಕಾಲು ಕಚ್ಚುವ ವಯಸ್ಸೂ ಕಳೆದಿರುತ್ತದೆ.

ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ದತ್ತು ಕೊಡುತ್ತವೆ. ಫಾರ್ಮು, ಮನೆ ನೋಡಲು ಬರುವುದು, ಕರಾರಿಗೆ ಸಹಿ ಇವೆಲ್ಲ ಇರುತ್ತವೆ. ಬೇಸರಪಡಬೇಡಿ, ಪ್ರಶ್ನೆ ಕೇಳದೆ ನಾಯಿ ಕೊಡುವ ಜಾಗದ ಬಗ್ಗೆ ಅನುಮಾನ ಪಡಿ. ರೇಬೀಸ್ ಲಸಿಕೆಯ ಕಾರ್ಡು, ಜಂತುಹುಳದ ಔಷಧಿ ಕೊಟ್ಟ ತಾರೀಖು, ಸಂತಾನಹರಣ ಶಸ್ತ್ರಚಿಕಿತ್ಸೆಯ ವಿವರ ಕೇಳಿ ಪಡೆಯಿರಿ. ಬೀದಿಯಲ್ಲಿದ್ದಾಗಲೇ ಆಪರೇಷನ್ ಆಗಿದ್ದರೆ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ನೇರಳೆಯ ಕಿವಿಯಲ್ಲೂ ಇದೆ. ಅಪಾರ್ಟ್‌ಮೆಂಟ್ ಸಂಘದವರು ತಕರಾರು ತೆಗೆದರೆ, ಬಹುಮತವಿದ್ದರೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಕರೆತರುವ ದಿನ

ಹೆದರಿದ ನಾಯಿ ಕಳೆದುಹೋಗುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಆಟೋದಿಂದ ಇಳಿಯುವಾಗ, ಕೊರಿಯರ್‌ನವನಿಗೆ ಬಾಗಿಲು ತೆರೆದಾಗ, ಗೇಟಿನ ಹತ್ತಿರ ಲಾರಿ ಹಾರ್ನ್ ಹೊಡೆದಾಗ. ಬೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ನಮ್ಮ ನಾಟಿ ನಾಯಿಗಳ ತಲೆ ಸಣ್ಣದು, ಕತ್ತು ಗಟ್ಟಿ. ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟು ಬಳೆ ಜಾರಿದಂತೆ ಕಿವಿ ದಾಟಿ ಬರುತ್ತದೆ. ನಿಮ್ಮ ಕೈಯಲ್ಲಿ ಬರೀ ಚೈನು.

ಆದ್ದರಿಂದ ಎರಡು ಕಟ್ಟು ಇರಲಿ. ಎದೆಗೆ ಹಾರ್ನೆಸ್ ಒಂದು, ಕುತ್ತಿಗೆಗೆ ಎಳೆದರೆ ತುಸು ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹಗ್ಗ. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರು. ಸಾಧ್ಯವಾದರೆ ಕಾರಿನ ಬಾಗಿಲು ಕಾಂಪೌಂಡಿನೊಳಗೆ, ಗೇಟು ಹಾಕಿದ ಮೇಲೆ ತೆರೆಯಲಿ.

ಸ್ವಾಗತ ಸಮಾರಂಭ ಬೇಡ. ಆರತಿ ಎತ್ತಿ ಕುಂಕುಮ ಇಡುವ ವಿಡಿಯೋಗಳು ನೋಡಲು ಚೆಂದ. ಆದರೆ ಕಣ್ಣೆದುರು ಉರಿಯುವ ದೀಪ ಹೆದರಿದ ನಾಯಿಗೆ ಏನನ್ನಿಸುತ್ತದೋ ಯೋಚಿಸಿ. ನೆರೆಯವರು, ನೆಂಟರು, ‘ಒಂದೇ ಒಂದು ಸಲ ಮುಟ್ತೀನಿ ಆಂಟಿ’ ಅನ್ನುವ ಮಕ್ಕಳು ಎಲ್ಲರಿಗೂ ಎರಡು ವಾರ ಬಿಟ್ಟು ಬರಲು ಹೇಳಿ. ಸ್ನಾನವೂ ಬೇಡ. ವಾಸನೆ ಬಂದರೆ ಬರಲಿ.

ದಿವಾನದ ಕೆಳಗಿನ ಒಂಬತ್ತು ದಿನ

ಓಡಾಟ ಕಡಿಮೆ ಇರುವ ಮೂಲೆಯಲ್ಲಿ ಜಾಗ ಮಾಡಿ: ಮೇಜಿನ ಕೆಳಗೆ, ಮಂಚದ ಪಕ್ಕ, ಮೂರು ಕಡೆ ಮರೆ. ಹಳೇ ಬೆಡ್‌ಶೀಟು, ನೀರು. ಅಲ್ಲಿಗೆ ಹೋದಾಗ ಯಾರೂ ಕರೆಯಬಾರದು, ಕೈ ಹಾಕಬಾರದು, ಎಳೆಯಬಾರದು. ನಾಯಿ ಸಾಕಿದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುತ್ತಾರೆ: ಬೆಚ್ಚಿದ್ದು ಇಳಿಯಲು ಮೂರು ದಿನ, ಮನೆಯ ಪದ್ಧತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಇದು ಅಂದಾಜಿನ ಲೆಕ್ಕ. ನೇರಳೆ ದಿವಾನದ ಕೆಳಗೇ ಒಂಬತ್ತು ದಿನ ಇದ್ದಳು.

ನಾವು ಮಲಗಿದ ಮೇಲೆ ಎದ್ದು ಊಟ ಮಾಡುತ್ತಿದ್ದಳು. ರಾತ್ರಿ ಒಂದೂವರೆಗೆ ಮೊಸರನ್ನದ ತಟ್ಟೆ ಟೈಲ್ಸಿನ ಮೇಲೆ ಸರಿಯುವ ಸಣ್ಣ ಕಿರ್ ಕಿರ್ ಸದ್ದು. ನಾವು ಉಸಿರು ಬಿಗಿ ಹಿಡಿದು ಕೇಳುತ್ತಿದ್ದೆವು. ಒಂದು ದಿನವಿಡೀ ಊಟ ಮುಟ್ಟದಿದ್ದರೆ ಗಾಬರಿ ಬೇಡ. ನೀರೂ ಕುಡಿಯದಿದ್ದರೆ, ಎರಡು ದಿನ ದಾಟಿದರೂ ಅನ್ನ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಜ್ವರ ಸಾಮಾನ್ಯ, ಅದಕ್ಕೂ ನಾಯಿ ಹೀಗೇ ಮಂಕಾಗಿ ಮೂಲೆ ಹಿಡಿಯುತ್ತದೆ. ಎಲ್ಲವನ್ನೂ ಹೆದರಿಕೆಯ ತಲೆಗೆ ಕಟ್ಟಬಾರದು.

ಊಟದ ಹೊತ್ತು, ಹೊರಗೆ ಬಿಡುವ ಹೊತ್ತು, ದೀಪ ಆರಿಸುವ ಹೊತ್ತು ದಿನಾ ಒಂದೇ ಇರಲಿ. ಮುಂದೆ ಏನಾಗುತ್ತದೆಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಒಳಗೆ ಉಚ್ಚೆ ಹೊಯ್ದರೆ ಬೈಯದೆ ಒರೆಸಿ. ಸಾರು ಕಲಸಿದ ಅನ್ನ ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಹಾನಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಮೊದಲು ಸೀಟಿ, ಆಮೇಲೆ ಚಿಕನ್

ನಮ್ಮ ಮನೆಯಲ್ಲಿ ದೊಡ್ಡ ಶತ್ರು ಕುಕ್ಕರ್. ಮೊದಲ ಸೀಟಿಗೇ ನೇರಳೆ ಗೋಡೆಯೊಳಗೆ ಹೊಕ್ಕುವಂತೆ ಒರಗಿ ನಡುಗುತ್ತಿದ್ದಳು. ‘ಅಡುಗೆಮನೆಯಲ್ಲೇ ಕಟ್ಟಿಹಾಕು, ನಾಲ್ಕು ದಿನಕ್ಕೆ ಅಭ್ಯಾಸವಾಗುತ್ತೆ’ ಎಂದರು ಪಕ್ಕದ ಮನೆಯವರು. ಅಭ್ಯಾಸ ಆಗುವುದಿಲ್ಲ. ಓಡಲು ದಾರಿಯಿಲ್ಲದ ನಾಯಿ ಕೈಚೆಲ್ಲಿ ಕೂರುತ್ತದೆ, ನಾವು ಅದನ್ನೇ ಧೈರ್ಯ ಅಂದುಕೊಳ್ಳುತ್ತೇವೆ.

ಮಾಡಬೇಕಾದದ್ದು ಇದು. ಸೀಟಿಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾಯಿ ಕಿವಿ ಅಲ್ಲಾಡಿಸಿದರೂ ಏಳದಷ್ಟು ಸಣ್ಣದಾಗಿ ಹಾಕಿ. ಸದ್ದು ಬಂದ ಕೂಡಲೇ ಕಡಲೆಕಾಳಿನಷ್ಟು ಬೇಯಿಸಿದ ಚಿಕನ್, ಇಲ್ಲವೇ ಪನೀರು. ಸದ್ದು ನಿಂತರೆ ಚಿಕನ್ನೂ ನಿಲ್ಲಬೇಕು. ದಿನಕ್ಕೆ ಐದಾರು ಸಲ ಸಾಕು. ಹಲವು ದಿನಗಳ ಮೇಲೆ ಒಂದೊಂದೇ ಗೆರೆ ವಾಲ್ಯೂಮ್ ಏರಿಸಿ. ತಿನ್ನದೆ ಬಿಟ್ಟರೆ ನೀವು ಅವಸರ ಮಾಡಿದ್ದೀರಿ ಎಂದರ್ಥ, ಹಿಂದಕ್ಕೆ ಹೋಗಿ.

ಇದರಲ್ಲಿ ಯಾವುದು ಮೊದಲು ಎಂಬುದೇ ಜೀವಾಳ. ನಾನು ಮೊದಲ ವಾರ ಚಿಕನ್ ತೋರಿಸಿ, ಅವಳು ತಿನ್ನುತ್ತಿರುವಾಗ ಸದ್ದು ಹಾಕಿದೆ. ಮೂರೇ ದಿನಕ್ಕೆ ನೇರಳೆ ಚಿಕನ್ ಬಟ್ಟಲು ಕಂಡರೇ ಹಿಂದೆ ಸರಿಯತೊಡಗಿದಳು. ಸೀಟಿ ಬರುವುದಕ್ಕೆ ಅದೇ ಮುನ್ಸೂಚನೆಯಾಗಿಬಿಟ್ಟಿತ್ತು! ಸದ್ದು ಮೊದಲು, ತಿಂಡಿ ಆಮೇಲೆ. ತಿದ್ದಿಕೊಂಡು ಮತ್ತೆ ಮೊದಲಿಂದ ಶುರು ಮಾಡಲು ಎರಡು ವಾರ ದಂಡವಾಯಿತು.

ಮುಟ್ಟುವುದು

ಅದಾಗಿ ಹತ್ತಿರ ಬರುವವರೆಗೆ ಮುಟ್ಟಬೇಡಿ. ಬಂದಾಗ ತಲೆ ಮೇಲಿಂದ ಕೈ ತರದೆ ಎದೆಯ ಹತ್ತಿರ, ಗದ್ದದ ಕೆಳಗೆ ಮೂರು ಸೆಕೆಂಡು ಕೆರೆದು ಕೈ ತೆಗೆಯಿರಿ. ಒತ್ತಿಕೊಂಡು ಬಂದರೆ ಇನ್ನೂ ಬೇಕು ಎಂದರ್ಥ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿದರೆ ಸಾಕು ಎಂದರ್ಥ. ಗುರ್ ಅಂದರೆ ಬೈಯಬೇಡಿ. ಗುರ್ ಅನ್ನುವುದು ಕಚ್ಚುವ ಮುಂಚಿನ ಎಚ್ಚರಿಕೆ. ಬೈದು ಅದನ್ನು ಅಡಗಿಸಿದರೆ ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ.

‘ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಇನ್ನೂ ಹೆಚ್ಚುತ್ತೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಸುಳ್ಳು. ಹೆದರಿಕೆ ಹಟವಲ್ಲ. ತಾನಾಗಿ ಬಂದು ಕಾಲಸಂದಿಗೆ ಸೇರಿಕೊಂಡರೆ ಸಮಾಧಾನ ಮಾಡಿ.

ಎರಡು-ಮೂರು ತಿಂಗಳಾದರೂ ಏನೂ ಬದಲಾಗದೆ, ಹಗಲು ರಾತ್ರಿ ನಡುಗುತ್ತ ಮೈ ಕರಗುತ್ತಿದ್ದರೆ ಪಶುವೈದ್ಯರನ್ನು ಕಾಣಿ. ಆತಂಕ ತಗ್ಗಿಸುವ ಔಷಧಗಳು ನಾಯಿಗೂ ಇವೆ, ಕೆಲವಕ್ಕೆ ಕಲಿಕೆ ಶುರುವಾಗುವುದೇ ಆಮೇಲೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡುವ ಪ್ರಯೋಗ ಮಾತ್ರ ಬೇಡವೇ ಬೇಡ.

ದೀಪಾವಳಿಗೆ ಮುಂಚೆ

ಪಟಾಕಿಗೆ ತಯಾರಿ ಹಬ್ಬದ ದಿನ ಶುರುವಾಗಬಾರದು. ಒಂದು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಕೇಳುವಾಗ ಆತಂಕ ಇಳಿಸುವ ಔಷಧ ಕೇಳಿ. ಬರೀ ಮೈ ಮಂಕಾದರೆ ನಾಯಿ ಅಲ್ಲಾಡದೆ ಬಿದ್ದಿರುತ್ತದೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ. ಆ ವಾರ ವಾಕಿಂಗ್ ಕತ್ತಲಾಗುವ ಮುಂಚೆಯೇ ಮುಗಿಯಲಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು, ಟಿವಿ ಹಾಕಿಡಿ. ಹೊರಬಾಗಿಲಿಗೆ ಚಿಲಕ.

ಹೋದ ವರ್ಷ ಬಲಿಪಾಡ್ಯಮಿಯ ರಾತ್ರಿ ನೇರಳೆ ಮತ್ತೆ ದಿವಾನದ ಕೆಳಗೆ ಹೋದಳು. ಅಮ್ಮ ಟಿವಿ ಜೋರು ಮಾಡಿ ದಿವಾನಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಒಂಬತ್ತೂವರೆ ಹೊತ್ತಿಗೆ ಬೀದಿಯಲ್ಲಿ ಸರಪಟಾಕಿ ಹಚ್ಚಿದರು. ಕೆಳಗಿನಿಂದ ಕಪ್ಪು ಮೂತಿಯೊಂದು ಹೊರಗೆ ಬಂದು, ಅಮ್ಮನ ಸೀರೆಯ ಸೆರಗಿನ ಮೇಲೆ ಗದ್ದ ಊರಿತು. ‘ಏಳೋಕಾಗ್ತಿಲ್ಲ, ಆ ಮೊರ ಇತ್ತ ಕೊಡು’ ಎಂದರು ಅಮ್ಮ.