ಸಪೋಟ ಮರಕ್ಕೆ ನೇತಾಡಿ ಕಲಿತ ರಿಲೀಸ್

ಆಷಾಢದಲ್ಲಿ ಮೈಸೂರಿನ ತಾರಸಿ ಮೇಲೆ ಪಟ ಹಾರಿಸಿ ಬೆಳೆದವನು ನಾನು. ಈಗ ರಜೆ ಸಿಕ್ಕರೆ ರಾಮೇಶ್ವರಕ್ಕೆ ಹೋಗಿ ಕೈಟ್‌ಬೋರ್ಡಿಂಗ್ ಮಾಡುತ್ತೇನೆ, ಅಂದರೆ ದೊಡ್ಡ ಪಟ ಎಳೆದ ಹಾಗೆ ಹಲಗೆ ಮೇಲೆ ನಿಂತು ನೀರಲ್ಲಿ ಜಾರೋದು. ತಾರಸಿ ಪಟದ ದಾರ ಬಿಟ್ಟರೆ ಪಟ ಹೋಯ್ತು, ಅಷ್ಟೇ. ಇಲ್ಲಿ ಪಟ ಸೊಂಟಕ್ಕೇ ಸಿಕ್ಕಿರುತ್ತದೆ, ಅದು ಹೋದ ಕಡೆ ನಾವೂ ಹೋಗಬೇಕು.

ಎರಡನೇ ಸಲ ಹೋದಾಗ ಹಾಗೇ ಆಯ್ತು. ಗಾಳಿ ಜೋರಾಗಿ ಪಟ ಗಿರಕಿ ಹೊಡೆಯಿತು, ಪಟದಿಂದ ಬಿಡಿಸಿಕೊಳ್ಳೋ ರಿಲೀಸ್ ತಳ್ಳಿದೆ, ಅರ್ಧ ಸರಿದು ನಿಂತುಬಿಟ್ಟಿತು. ಒಳಗೆ ಮರಳು! ಪಟ ನಡೆಸೋಕೆ ಕೈಯಲ್ಲಿ ಹಿಡಿಯೋ ಬಾರನ್ನು (ರಿಲೀಸ್ ಇರೋದು ಅದರಲ್ಲೇ) ದಡದ ಮೇಲೆ ಸುಮ್ನೆ ಬಿಸಾಡಿದ್ದು ನಾನೇ. ಎರಡೂ ಕೈ ಹಾಕಿ ತಳ್ಳಿದ ಮೇಲೆ ಬಿಟ್ಟುಕೊಂಡಿತು, ಅಷ್ಟರಲ್ಲಿ ಮಂಡಿ ತರಚಿತ್ತು.

ವ್ಯವಸ್ಥೆ ಸರಳ. ಸೊಂಟಕ್ಕೆ ತೊಡುವ ಪಟ್ಟಿ, ಅಂದರೆ ಹಾರ್ನೆಸ್‌ನ ಕೊಕ್ಕೆಗೆ ಬಾರ್ ಕೆಳಗಿನ ಕುಣಿಕೆ ಚಿಕನ್ ಲೂಪ್ ಸಿಕ್ಕಿಸುತ್ತೇವೆ (ಕೋಳಿಗೂ ಇದಕ್ಕೂ ಸಂಬಂಧವಿಲ್ಲ). ಮೊದಲು ಬಾರ್ ಬಿಡಬೇಕು, ಎಳೆತ ಬಹಳಷ್ಟು ಇಳಿಯುತ್ತದೆ. ಸಾಲದಿದ್ದರೆ ಲೂಪ್ ಮೇಲಿನ ರಿಲೀಸನ್ನು ಪಟದ ಕಡೆಗೆ ತಳ್ಳಬೇಕು. ಲೂಪ್ ಬಿಚ್ಚುತ್ತದೆ, ಪಟ ಲೀಶ್‌ಗೆ (ಹಾರ್ನೆಸ್‌ಗೆ ಸಿಕ್ಕಿಸುವ ಸುರಕ್ಷತೆಯ ಹಗ್ಗ) ಸೇರಿದ ಒಂದೇ ಮುಂದಿನ ಲೈನಲ್ಲಿ ಜೋತುಬಿದ್ದು ಬಾವುಟದ ಹಾಗೆ ಪಟಪಟಿಸುತ್ತದೆ. ಆಗಲೂ ಎಳೆಯುತ್ತಿದ್ದರೆ ಲೀಶ್‌ನ ರಿಲೀಸ್. ಅದು ಕೊನೆಯದು, ಯಾಕಂದ್ರೆ ಕೈಬಿಟ್ಟ ಪಟ ಗಾಳಿ ಹೋಗುವ ಕಡೆ ಇರುವವರ ಮೇಲೆ ಬೀಳಬಹುದು. ಇಂಥ ರಿಲೀಸ್‌ಗಳಿಗೆ 2020ರಲ್ಲಿ ಐಎಸ್‌ಒ 21853 ಅನ್ನೋ ಮಾನದಂಡವೇ ಬಂದಿದೆ. ನನ್ನ ಬಾರ್ ಸೆಕೆಂಡ್‌ ಹ್ಯಾಂಡ್, ಅದಕ್ಕಿಂತ ಹಳೆಯದು.

ಮನೆಗೆ ಬಂದು ಬಾರ್‌ನ ನಡುವಿನ ಲೈನನ್ನು ಹಿತ್ತಲ ಸಪೋಟ ಮರದ ಕೊಂಬೆಗೆ ಕಟ್ಟಿದೆ, ಕೆಳಗೆ ಹಳೇ ಹಾಸಿಗೆ ಹಾಕಿದೆ, ಹಾರ್ನೆಸ್ ತೊಟ್ಟು ಪೂರ್ತಿ ಭಾರ ಬಿಟ್ಟು ಕಣ್ಣು ಮುಚ್ಚಿದೆ. ಮೊದಲ ಮೂರು ಸಲ ಕೈ ಹೋಗಿದ್ದು ಬಾರ್‌ಗೆ! ಗಾಬರಿಯಲ್ಲಿ ಕೈ ಹಿಡಿದುಕೊಳ್ಳುತ್ತದೆ, ಬಿಡೋದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು "ಏನೋ ಇದು, ಕೊಂಬೆ ಮುರೀತು ಅಂದ್ರೆ ನೋಡು" ಅಂದರು. ಹತ್ತನೇ ಸಲದ ಹೊತ್ತಿಗೆ ಕೈ ತಾನೇ ಹುಡುಕಿಕೊಂಡು ಹೋಗಿ ತಳ್ಳಿತು, ದೊಪ್ಪನೆ ಬಿದ್ದೆ. ಟೇಬಲ್ ಮೇಲೆ ಬೆರಳಲ್ಲೇ ಬಿಚ್ಚಿಕೊಳ್ಳುತ್ತಿದ್ದ ರಿಲೀಸ್ ಮೈಭಾರ ಬಿದ್ದಾಗ ಎಷ್ಟು ಬಿಗಿ ಅಂತ ಗೊತ್ತಾಗಿದ್ದೂ ಇಲ್ಲೇ. ಆಮೇಲೆ ಒಂದು ಚಿಟಿಕೆ ಮರಳು ಹಾಕಿ ನೋಡಿದೆ. ಅದೇ ಕಥೆ, ಅರ್ಧಕ್ಕೆ ನಿಂತಿತು.

ಇನ್ನೊಂದು ಪೆದ್ದುತನವೂ ಸಿಕ್ಕಿತು. ಫೋಟೋದಲ್ಲಿ ಸ್ಟಂಟ್ ಮಾಡೋರನ್ನು ನೋಡಿ ಲೀಶನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡಿದ್ದೆ. ನೇತಾಡುವಾಗ ಅದರ ರಿಲೀಸ್‌ಗೆ ಕೈಯೇ ಎಟುಕಲಿಲ್ಲ. ಈಗ ಮುಂದಕ್ಕೆ ಹಾಕಿದ್ದೇನೆ, ಸ್ಟಂಟ್ ನನಗೆ ಬರೋದೂ ಇಲ್ಲ ಅಲ್ವಾ.

ಮುಂದಿನ ತಿಂಗಳು ಮತ್ತೆ ರಾಮೇಶ್ವರ. ಬಾರ್ ಸದ್ಯ ಬಚ್ಚಲಲ್ಲಿ, ಬಕೆಟ್ ಸಿಹಿನೀರಲ್ಲಿ ನೆನೆಯುತ್ತಿದೆ. ತಳದಲ್ಲಿ ಇನ್ನೂ ಮರಳು ಕಾಣ್ತಿದೆ.