ಕೋಚಿಂಗ್ ಅರ್ಧಕ್ಕೆ ಬಿಟ್ಟರೆ ಫೀಸ್ ವಾಪಸ್ ಪಡೆಯುವುದು ಹೇಗೆ?

ನೀಟ್, ಜೆಇಇ ಕೋಚಿಂಗ್‌ಗೆ ಸೇರಿದ ಮಗುವಿಗೆ ಅದು ಒಗ್ಗದೆ, ಎರಡು ಮೂರು ತಿಂಗಳಲ್ಲೇ ಬಿಡಿಸುವ ಮನೆಗಳು ಬೇಕಾದಷ್ಟಿವೆ. ಉಳಿದ ಹಣ ಕೇಳಲು ಹೋದ ಎಷ್ಟೋ ಅಪ್ಪ ಅಮ್ಮಂದಿರು ಬರಿಗೈಲಿ ವಾಪಸ್ ಬಂದಿದ್ದನ್ನು ನೋಡಿದ್ದೇನೆ. ಅವರೆಲ್ಲ ಬಾಯಿಮಾತಲ್ಲೇ ಕೇಳಿದವರು. 'ಹೆಡ್ ಆಫೀಸ್‌ಗೆ ಕಳಿಸಿದ್ದೀವಿ, ಮುಂದಿನ ವಾರ ಬನ್ನಿ ಸಾರ್' ಎಂಬ ಮಾತು ನಂಬಿ ಓಡಾಡುತ್ತಾರೆ. ಅಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ.

ಮೊದಲು ಕಾಗದಪತ್ರ ಕೂಡಿಸಿ: ರಶೀದಿ, ಸಹಿ ಮಾಡಿದ ಅರ್ಜಿ, ಬ್ರೋಷರ್, ಯುಪಿಐ ಸ್ಕ್ರೀನ್‌ಶಾಟ್. ರಶೀದಿ ಕೊಟ್ಟಿಲ್ಲವೇ? ಬಿಡುತ್ತೇವೆ ಅಂತ ಹೇಳುವ ಮೊದಲೇ ಕೇಳಿ ಪಡೆಯಿರಿ.

ಆಮೇಲೆ ನಿಯಮ ತಿಳಿದುಕೊಳ್ಳಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. 50ಕ್ಕಿಂತ ಜಾಸ್ತಿ ಮಕ್ಕಳಿರುವ ಸೆಂಟರ್‌ಗಳು ಇದರಡಿ ಬರುತ್ತವೆ. ಪೂರ್ತಿ ಫೀಸ್ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ, ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ಮರಳಿಸಬೇಕು. ಅವರದೇ ಹಾಸ್ಟೆಲ್‌ನಲ್ಲಿದ್ದರೆ ಹಾಸ್ಟೆಲ್, ಮೆಸ್ ಹಣಕ್ಕೂ ಇದೇ ಲೆಕ್ಕ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳುವಂತೆಯೇ ಇಲ್ಲ. ಮಾರ್ಗಸೂಚಿಯೇ ಕಾಯ್ದೆಯಲ್ಲ, ಜಾರಿ ಮಾಡಬೇಕಾದ್ದು ರಾಜ್ಯ ಸರ್ಕಾರಗಳು. ಆದರೂ ಪತ್ರದಲ್ಲಿ ಇದನ್ನು ಬರೆದರೆ ಮಾತಿಗೆ ತೂಕ ಬರುತ್ತದೆ.

ಇನ್ನು ಪತ್ರ. ಹೆಚ್ಚಿನವರು ಎಡವುವುದು ಇಲ್ಲೇ. 'ಅನಿವಾರ್ಯ ಕಾರಣದಿಂದ ಬಿಡುತ್ತಿದ್ದೇವೆ, ದಯವಿಟ್ಟು ಹಣ ಕೊಡಿ' ಅಂತ ಬರೆದು ಸುಮ್ನೆ ಕೂರುತ್ತಾರೆ. ಎಷ್ಟು, ಯಾವ ಲೆಕ್ಕದಲ್ಲಿ, ಯಾವಾಗ ಅನ್ನುವುದೇ ಅದರಲ್ಲಿರುವುದಿಲ್ಲ. ಹೀಗೆ ಬರೆಯಿರಿ: 'ನನ್ನ ಮಗಳು ಜೂನ್ 1ರಂದು ನಿಮ್ಮ 12 ತಿಂಗಳ ಕೋರ್ಸಿಗೆ ಸೇರಿದ್ದಾಳೆ. ಒಟ್ಟು ₹1,20,000 ಕಟ್ಟಿದ್ದೇವೆ. ಸೆಪ್ಟೆಂಬರ್ 30ಕ್ಕೆ ಬಿಡುತ್ತಿದ್ದಾಳೆ. ಉಳಿದ 8 ತಿಂಗಳ ₹80,000 ಅನ್ನು 10 ದಿನದಲ್ಲಿ ಈ ಖಾತೆಗೆ ಹಾಕಿ.' ಕೆಳಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಇರಲಿ. ಕೋಚಿಂಗ್ ಫೀಸ್ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ, ಆದ್ದರಿಂದ ಅದೂ ಸೇರಿದ ಮೊತ್ತಕ್ಕೇ ಲೆಕ್ಕ ಹಾಕಿ. ಪುಸ್ತಕ, ನೋಟ್ಸ್ ಅಂತ ದೊಡ್ಡ ಮೊತ್ತ ಮುರಿದುಕೊಳ್ಳಲು ಬಂದರೆ ಒಪ್ಪಬೇಡಿ. ನೋಟ್ಸ್‌ಗೆ ಪ್ರತ್ಯೇಕ ಹಣ ಪಡೆಯಬಾರದು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ.

ಈ ಪತ್ರವನ್ನು ಇಮೇಲ್ ಮಾಡಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಎರಡೂ ಬೇಕೇ ಬೇಕು. ಕೈಯಲ್ಲಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸದೆ ಅಲ್ಲಿಂದ ಏಳಬೇಡಿ. ವಾಟ್ಸ್ಆ್ಯಪ್ ಮೆಸೇಜ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 'ಹಣ ಬೇಡ, ಮುಂದಿನ ಬ್ಯಾಚ್‌ಗೆ ಹೊಂದಿಸಿಕೊಳ್ತೀವಿ' ಅಂದರೆ ಬೇಡವೆಂದು ಬರೆದೇ ತಿಳಿಸಿ.

'ಒಮ್ಮೆ ಕಟ್ಟಿದ ಹಣ ಮರಳಿಸುವುದಿಲ್ಲ' ಎಂಬ ಷರತ್ತಿಗೆ ಸಹಿ ಹಾಕಿದ್ದೀರಾ? ಹೆದರಬೇಡಿ. ಇಂಥ ಏಕಪಕ್ಷೀಯ ಷರತ್ತನ್ನು ಗ್ರಾಹಕ ಆಯೋಗಗಳು (ಗ್ರಾಹಕರ ಕೋರ್ಟ್‌ಗಳು) ತಳ್ಳಿಹಾಕಿದ ಉದಾಹರಣೆಗಳಿವೆ. ಶಾಲೆ, ಕಾಲೇಜು ಗ್ರಾಹಕ ಕಾಯ್ದೆಗೆ ಬರುವುದಿಲ್ಲ, ಆದರೆ ಕೋಚಿಂಗ್ ಬರುತ್ತದೆ ಅಂತ 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೇ ಹೇಳಿದೆ. ಹಾಗಾಗಿ ನಮ್ಮಲ್ಲಿನ ಇಂಟಿಗ್ರೇಟೆಡ್ ಪಿಯು ಕಾಲೇಜಿಗೆ (ಪಿಯು ಪಾಠ, ಕೋಚಿಂಗ್ ಎರಡೂ ಒಂದೇ ಕಡೆ) ಸೇರಿಸುವವರು ಸೇರುವ ದಿನವೇ ಕಾಲೇಜಿಗೊಂದು, ಕೋಚಿಂಗ್‌ಗೊಂದು ರಶೀದಿ ಕೇಳಬೇಕು. ಒಂದೇ ರಶೀದಿಯಾದರೆ ಆಮೇಲೆ 'ಇದೆಲ್ಲ ಕಾಲೇಜು ಫೀಸ್' ಎಂಬ ವಾದ ಎದ್ದೀತು.

ಇಎಂಐ ಬಗ್ಗೆ ಒಂದು ಮಾತು. 'ಬಡ್ಡಿಯಿಲ್ಲದ ಕಂತು' ಅಂತ ಸಹಿ ಹಾಕಿಸುವುದು ಎಷ್ಟೋ ಸಲ ಬೇರೆ ಫೈನಾನ್ಸ್ ಕಂಪನಿಯ ಸಾಲಕ್ಕೆ. ಕೋಚಿಂಗ್ ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಕಂತು ನಿಲ್ಲಿಸಿದರೆ ಸಿಬಿಲ್ ಸ್ಕೋರ್ (ಸಾಲ ಕೊಡುವವರು ನೋಡುವ ಅಂಕ) ಕೆಡುವುದು ನಿಮ್ಮದೇ. ಪತ್ರದ ಪ್ರತಿಯನ್ನು ಆ ಕಂಪನಿಗೂ ಕಳಿಸಿ. ಟ್ಯಾಬ್ ಕೊಟ್ಟು ಸಾಲ ಹೊರಿಸುವ ಪ್ಯಾಕೇಜ್‌ಗಳನ್ನಂತೂ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ನೇರವಾಗಿ ಕಟ್ಟುವುದೇ ಒಳ್ಳೆಯದು.

10 ದಿನ ಕಳೆದರೂ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅವರು ಆದೇಶ ಕೊಡುವವರಲ್ಲ, ನಡುವೆ ನಿಂತು ಮಾತಾಡುವವರು. ಆದರೂ ಕೆಲವು ಸೆಂಟರ್‌ಗಳು ಇಷ್ಟಕ್ಕೇ ದಾರಿಗೆ ಬರುತ್ತವೆ. 'ರ‍್ಯಾಂಕ್ ಗ್ಯಾರಂಟಿ' ಜಾಹೀರಾತು ನೋಡಿ ಸೇರಿಸಿದ್ದರೆ ಅದರ ಪ್ರತಿಯನ್ನೂ ಕೊಡಿ. ಇಂಥ ಜಾಹೀರಾತಿನ ವಿರುದ್ಧ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬೇರೆ ಮಾರ್ಗಸೂಚಿಯನ್ನೇ ತಂದಿದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗ್ರಾಹಕ ದೂರುಗಳಿಗಿರುವ ಸರ್ಕಾರಿ ವೆಬ್‌ಸೈಟ್ ಇ-ಜಾಗೃತಿ ಪೋರ್ಟಲ್‌ನಲ್ಲೇ ದೂರು ಹಾಕಬಹುದು. ಕಟ್ಟಿದ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಸೆಂಟರ್ ರಾಜಸ್ಥಾನದ ಕೋಟಾದಲ್ಲಿರಲಿ, ಹೈದರಾಬಾದ್‌ನಲ್ಲಿರಲಿ, ನೀವಿರುವ ಜಿಲ್ಲೆಯಲ್ಲೇ ಕೇಸು ಹಾಕಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಗಡುವು 2 ವರ್ಷ. ಮಗುವಿಗೆ 18 ತುಂಬಿಲ್ಲದಿದ್ದರೆ ಹಣ ಕಟ್ಟಿದ ಅಪ್ಪ ಅಥವಾ ಅಮ್ಮನ ಹೆಸರಿನಲ್ಲೇ ದೂರು ಕೊಡಿ.